ಸ್ವರಗಳ ನಡುವಿನ ದಾರಿಗೂ ಸಾಫ್ಟ್‌ವೇರ್‌ನಲ್ಲಿ ಜಾಗ ಬೇಕು

ನೈರೋಬಿಯ ನೈಋತ್ಯದ ಅಂಚಿನಲ್ಲಿರುವ ಕರೆನ್ ಬಡಾವಣೆಯಿಂದ ಲಾಂಗಾಟಾ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಬೊಮಾಸ್ ಆಫ್ ಕೀನ್ಯಾ. ದೇಶದ ಬೇರೆ ಬೇರೆ ಸಮುದಾಯಗಳ ಹಾಡು, ಕುಣಿತ, ವಾದ್ಯಗಳು ಒಂದೆಡೆ ಉಳಿಯಲಿ ಎಂದು 1971ರಲ್ಲಿ ಅಲ್ಲಿನ ಸರ್ಕಾರ ಹುಟ್ಟುಹಾಕಿದ ಸಂಸ್ಥೆ ಅದು. ಕೀನ್ಯಾದ ವಾದ್ಯಗಳ ಪೈಕಿ ಕನ್ನಡದ ಕಿವಿಗೆ ತಟ್ಟನೆ ಹತ್ತಿರವಾಗುವುದು ಒರುಟು. ವಿಕ್ಟೋರಿಯಾ ಸರೋವರದ ಸೀಮೆಯ ಲುವೊ ಜನರ ಈ ಪಿಟೀಲಿಗೆ ಇರುವುದು ಒಂದೇ ತಂತಿ, ಮೆಟ್ಟಿಲುಗಳಿಲ್ಲ. ಸಣ್ಣ ಕಮಾನಿನಿಂದ ಉಜ್ಜುತ್ತ ಬೆರಳು ಸರಿಸಿದ ಹಾಗೆ ನಾದ ಒಂದು ಸ್ವರದಿಂದ ಇನ್ನೊಂದಕ್ಕೆ, ಹಾಡುವವರ ಗಂಟಲಿನಂತೆಯೇ, ಜಾರಿಕೊಂಡು ಹೋಗುತ್ತದೆ. ಇದೇ ನಗರದ ಬುರುಬುರು ಬಡಾವಣೆಯಿಂದ ಬಂದ ಬುರುಕ್ಲಿನ್ ಬಾಯ್ಜ್ ಹುಡುಗರು ಹಾಡುವ ಡ್ರಿಲ್ ಎಂಬ ರ‍್ಯಾಪ್ ಶೈಲಿಗೂ ಜಾರುವಿಕೆಯೇ ಗುರುತು. ಆದರೆ ಅಲ್ಲಿ ಜಾರುವುದು ಕಂಪ್ಯೂಟರಿನಲ್ಲಿ ತಯಾರಾದ ಬೇಸ್. ಒರುಟು ನುಡಿಸುವವರಿಗೆ ಜಾರು ವಾದ್ಯದಿಂದಲೇ ಬರುತ್ತದೆ. ಡ್ರಿಲ್ ಹುಡುಗರಿಗೆ ಅದು ಸಿಕ್ಕಿದ್ದು ಯಾವುದೋ ಒಂದು ಸಾಫ್ಟ್‌ವೇರ್ ಅದನ್ನು ಸುಲಭ ಮಾಡಿಕೊಟ್ಟಿದ್ದರಿಂದ. ಸಂಗೀತ ತಯಾರಿಸುವ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಇವತ್ತಿಗೂ ಸ್ವರವನ್ನು ನಿಂತ ಜಾಗವೆಂದೂ ಸ್ವರಗಳ ನಡುವಿನ ಚಲನೆಯನ್ನು ಆಮೇಲೆ ಸೇರಿಸುವ ಅಲಂಕಾರವೆಂದೂ ಎಣಿಸಿ ಕಟ್ಟಿದವು. ಕರ್ನಾಟಕದ ಸಂಗೀತಕ್ಕೆ ಈ ಎಣಿಕೆ ಹೊಂದುವುದಿಲ್ಲ. ಅದನ್ನು ಬದಲಾಯಿಸುವ ಕೆಲಸದಲ್ಲಿ ನಮ್ಮ ಸಂಗೀತ ಸಂಸ್ಥೆಗಳೂ ಬೆಂಗಳೂರಿನ ಎಂಜಿನಿಯರ್‌ಗಳೂ ಮುಂದೆ ನಿಲ್ಲಬೇಕು ಎಂಬುದು ನನ್ನ ವಾದ.

ಈ ಎಣಿಕೆ ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ವಾದ ಸ್ಪಷ್ಟವಾಗುತ್ತದೆ. ಯಾವುದೇ ಮ್ಯೂಸಿಕ್ ಸಾಫ್ಟ್‌ವೇರ್ ತೆರೆದರೂ ಕಾಣುವುದು ಪಿಯಾನೊ ರೋಲ್. ಎಡಕ್ಕೆ ನಿಲ್ಲಿಸಿಟ್ಟ ಪಿಯಾನೊ ಮನೆಗಳು, ಬಲಕ್ಕೆ ಕಾಲದ ಚೌಕಳಿ, ಅದರ ಮೇಲೆ ಒಂದೊಂದು ಸ್ವರಕ್ಕೆ ಒಂದೊಂದು ಅಡ್ಡಪಟ್ಟಿ. ಪಟ್ಟಿಗೆ ಆರಂಭವಿದೆ, ಅಂತ್ಯವಿದೆ, ಎತ್ತರವಿದೆ, ಎಷ್ಟು ಜೋರು ಎಂಬ ಸಂಖ್ಯೆ ಇದೆ. ಒಳಗೆ ಕದಲಿಕೆ ಇಲ್ಲ. ಇದರ ಬೆನ್ನೆಲುಬಾಗಿರುವುದು 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಮುಂದಾಳತ್ವದಲ್ಲಿ, ಒಂದು ಕಂಪನಿಯ ಕೀಬೋರ್ಡ್ ಇನ್ನೊಂದು ಕಂಪನಿಯದರ ಜೊತೆ ಮಾತಾಡಲಿ ಎಂದು ಇದನ್ನು ರೂಪಿಸಿದರು. ಕೆಲಸ ದೊಡ್ಡದು, ಅದರ ಉಪಕಾರವನ್ನು ಇಡೀ ಜಗತ್ತಿನ ಸಂಗೀತ ಉಂಡಿದೆ. ಆದರೆ ಅವರ ಕಣ್ಣೆದುರು ಇದ್ದದ್ದು ಕೀಬೋರ್ಡ್. ಮನೆ ಒತ್ತಿದರೆ ಸ್ವರ ಶುರು, ಬಿಟ್ಟರೆ ಮುಗಿಯಿತು. ಜಾರಿಗೆ ಅವರು ಕೊಟ್ಟದ್ದು ಪಿಚ್ ಬೆಂಡ್ ಎಂಬ ಬೇರೆಯೇ ಸಂದೇಶ. ಕೀಬೋರ್ಡಿನ ಎಡತುದಿಯ ಚಕ್ರವನ್ನು ತಿರುಗಿಸಿದಾಗ ಹೊರಡುವಂಥದ್ದು. ಆ ಸಂದೇಶ ಒಂದು ಸ್ವರಕ್ಕೆ ಅಂಟಿಕೊಂಡು ಹೋಗುವುದಿಲ್ಲ. ಆ ಚಾನೆಲ್‌ನಲ್ಲಿ ಆಗ ಕೇಳುತ್ತಿರುವ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆ. ಮಧ್ಯಮವನ್ನು ಮಾತ್ರ ಪಂಚಮಕ್ಕೆ ಏರಿಸಿ, ಜೊತೆಗಿರುವ ಷಡ್ಜವನ್ನು ನಿಂತಲ್ಲೇ ನಿಲ್ಲಿಸಬೇಕೆಂದರೆ ಎರಡು ಚಾನೆಲ್ ಬೇಕು.

ತೋಡಿ ರಾಗದ ಗಾಂಧಾರವನ್ನು ಈ ಪಿಯಾನೊ ರೋಲ್‌ನಲ್ಲಿ ಬರೆಯುವ ಕೆಲಸವನ್ನೇ ತೆಗೆದುಕೊಳ್ಳೋಣ. ಸಿ ಮನೆಯನ್ನು ಷಡ್ಜ ಮಾಡಿಕೊಂಡರೆ ಶುದ್ಧ ರಿಷಭ ಪಕ್ಕದ ಕಪ್ಪು ಮನೆ, ಸಾಧಾರಣ ಗಾಂಧಾರ ಅದರ ಮುಂದಿನ ಕಪ್ಪು ಮನೆ, ಶುದ್ಧ ಮಧ್ಯಮ ಎಫ್. ಗಾಂಧಾರದ ಮನೆಯಲ್ಲಿ ಒಂದು ಪಟ್ಟಿ ಎಳೆದು ಬಿಟ್ಟರೆ ಕೇಳುವುದು ತೋಡಿಯಲ್ಲ. ಸಂಗೀತ ಬಲ್ಲವರು ಮುಖ ಸಿಂಡರಿಸುವಂಥ ಒಂದು ಒಣ ಸ್ವರ. ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗಾಡುತ್ತಲೇ ಗಾಂಧಾರವೆನಿಸಿಕೊಳ್ಳುತ್ತದೆ. ಹಾಗಾಗಿ ಪಟ್ಟಿಯ ಕೆಳಗಿನ ಬೇರೊಂದು ಕಿಟಕಿ ತೆರೆದು ಪಿಚ್ ಬೆಂಡ್ ರೇಖೆ ಬರೆಯಬೇಕು. ರೇಖೆಯ ಬೆಲೆ 0ಯಿಂದ 16,383ರವರೆಗೆ, ನಡುಮಧ್ಯ 8,192. ಬಹುತೇಕ ಸಿಂಥಸೈಜರ್‌ಗಳಲ್ಲಿ ಮೊದಲಿಗೆ ಇರುವ ವ್ಯಾಪ್ತಿ ಮೇಲಕ್ಕೆ ಎರಡು ಅರ್ಧಸ್ವರ, ಕೆಳಕ್ಕೆ ಎರಡು. ಗಾಂಧಾರದಿಂದ ರಿಷಭಕ್ಕೆ ಎರಡು ಅರ್ಧಸ್ವರ, ಮಧ್ಯಮಕ್ಕೂ ಎರಡೇ. ಅಂದರೆ ತೋಡಿಯ ಗಾಂಧಾರ ಆ ಬೇಲಿಗೆ ಮೈತಾಗಿಸಿಕೊಂಡೇ ಓಡಾಡಬೇಕು. ಗಮಕ, ಅಂದರೆ ಸ್ವರದ ಈ ತೂಗಾಟ, ಒಂದು ಎಳೆ ಆಚೆ ಹೋದರೂ ಬೇಲಿಯಲ್ಲೇ ನಿಂತುಬಿಡುತ್ತದೆ. ಪಂಚಮದಿಂದ ತಾರಷಡ್ಜಕ್ಕೆ ಒಂದು ಜಾರು ಹಾಕಬೇಕೆಂದರೆ ಐದು ಅರ್ಧಸ್ವರ, ಈ ವ್ಯಾಪ್ತಿಯಲ್ಲಿ ಆಗದ ಕೆಲಸ. ವ್ಯಾಪ್ತಿಯನ್ನು ಹನ್ನೆರಡಕ್ಕೆ ಹಿಗ್ಗಿಸಬಹುದು. ಆದರೆ ಸಾಫ್ಟ್‌ವೇರ್‌ನಲ್ಲೂ ವಾದ್ಯದ ಪ್ಲಗಿನ್‌ನಲ್ಲೂ ಒಂದೇ ಸಂಖ್ಯೆ ಇರಬೇಕು. ಒಂದು ಕಡೆ ಮರೆತರೆ ಹಾಡಿಗೆ ಹಾಡೇ ಅಪಶ್ರುತಿ. ಇಷ್ಟೆಲ್ಲ ಮಾಡಿ ಮುಂದಿನ ಸ್ವರ ಶುರುವಾಗುವಾಗ ರೇಖೆಯನ್ನು ನಡುಮಧ್ಯಕ್ಕೆ ತಂದರೆ, ಹಿಂದಿನ ಸ್ವರದ ನಾದ ಇನ್ನೂ ಆರಿರುವುದಿಲ್ಲವಾದ್ದರಿಂದ ಅದರ ಬಾಲವೂ ಫಕ್ಕನೆ ಜಿಗಿಯುತ್ತದೆ. ಒಂದು ಸ್ವರಕ್ಕೆ ಇಷ್ಟು ಕೆಲಸ. ಒಂದು ಆವರ್ತಕ್ಕೆ, ಒಂದು ಪಲ್ಲವಿಗೆ ಎಷ್ಟು ಎಂಬುದನ್ನು ಓದುಗರೇ ಊಹಿಸಲಿ.

ಸಂಖ್ಯೆಗಳ ಸೂಕ್ಷ್ಮತೆ ಸಾಲದು ಎಂಬುದು ಇಲ್ಲಿನ ತೊಡಕಲ್ಲ. ಹನ್ನೆರಡು ಅರ್ಧಸ್ವರದ ವ್ಯಾಪ್ತಿಯಲ್ಲೂ ಒಂದು ಮೆಟ್ಟಿಲಿನ ಅಳತೆ ಅರ್ಧಸ್ವರದ ಆರುನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಯಾವ ಕಿವಿಗೂ ಅದು ಮೆಟ್ಟಿಲೆಂದು ತಿಳಿಯುವುದಿಲ್ಲ. ತೊಡಕಿರುವುದು ಜಾರಿನ ಆಕಾರದಲ್ಲಿ, ಅದನ್ನು ಇಟ್ಟ ಜಾಗದಲ್ಲಿ. ಎರಡು ಸ್ವರಗಳ ನಡುವೆ ಒಂದು ನೇರ ಗೆರೆ ಎಳೆದರೆ ಬರುವುದು ಸೈರನ್ ದನಿ. ಹಾಡುವವರು ಹೊರಡುವ ಸ್ವರದಲ್ಲಿ ಕೊಂಚ ತಂಗಿ, ದಾರಿಯನ್ನು ಬೇಗ ಕ್ರಮಿಸಿ, ತಲುಪುವ ಸ್ವರವನ್ನು ಒಂದಿಷ್ಟು ದಾಟಿ ಹಿಂದಕ್ಕೆ ಬಂದು ಕೂರುತ್ತಾರೆ. ರಾಗ ಬದಲಾದರೆ, ಕಾಲ ಬದಲಾದರೆ, ಬಾನಿ ಬದಲಾದರೆ ಈ ತಂಗುವಿಕೆ, ದಾಟುವಿಕೆಗಳೂ ಬದಲಾಗುತ್ತವೆ. ಜಾರು ಸ್ವರದ ಸ್ವಂತ ಗುಣವಾಗಿ ಪಟ್ಟಿಯೊಳಗೇ ಇದ್ದಿದ್ದರೆ, ಪಟ್ಟಿಯನ್ನು ಸರಿಸಿದಾಗ ಅದೂ ಜೊತೆಗೆ ಸರಿಯುತ್ತಿತ್ತು, ಲಯ ಹಿಗ್ಗಿಸಿದಾಗ ತಾನೂ ಹಿಗ್ಗುತ್ತಿತ್ತು. ಬೇರೆ ಕಿಟಕಿಯಲ್ಲಿ ಬೇರೆ ರೇಖೆಯಾಗಿ ಉಳಿದಿರುವುದರಿಂದ ಸ್ವರ ಒಂದು ಕಡೆ, ಗಮಕ ಇನ್ನೊಂದು ಕಡೆ ಎಂದಾಗಿದೆ. ಕಲಿಯಲು ಕೂತ ಹುಡುಗಿ ಇದರಿಂದ ತಿಳಿದುಕೊಳ್ಳುವುದೂ ಅದನ್ನೇ: ಸ್ವರ ಅಸಲು, ಗಮಕ ಬೇಕಾದರೆ ಹಾಕಿಕೊಳ್ಳುವಂಥದ್ದು.

ನಮ್ಮ ಸಂಗೀತದ ಮಟ್ಟಿಗೆ ಈ ಪಾಠ ತಪ್ಪು ಎಂಬುದಕ್ಕೆ ಶಾಸ್ತ್ರದ ಆಧಾರವೂ ಇದೆ, ಅಳತೆಯ ಆಧಾರವೂ ಇದೆ. 13ನೇ ಶತಮಾನದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ 15 ಗಮಕಗಳನ್ನು ಹೆಸರಿಸಿ ವಿವರಿಸಿದ. ಹತ್ತಿರದ ಕಾಲಕ್ಕೆ ಬಂದರೆ, ಟಿ.ಎಂ. ಕೃಷ್ಣ ಮತ್ತು ವಿಘ್ನೇಶ್ ಈಶ್ವರ್ 2012ರಲ್ಲಿ ಕರ್ನಾಟಕ ಸಂಗೀತದ ಸ್ವರ ಗಮಕಗಳ ಬಗ್ಗೆ ಬರೆದ ಪ್ರಬಂಧ, ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸೇವಿಯರ್ ಸೆರಾ ನಡೆಸಿದ ಕಾಂಪ್‌ಮ್ಯೂಸಿಕ್ ಯೋಜನೆ, ಚೆನ್ನೈನ ಎಂ. ಸುಬ್ರಮಣಿಯನ್ ತೋಡಿಯ ಸ್ವರಗಳನ್ನೇ ಹಿಡಿದು ಮಾಡಿದ ಅಳತೆ, ಇವೆಲ್ಲ ಬೇರೆ ಬೇರೆ ದಾರಿಯಿಂದ ಒಂದೇ ಕಡೆ ಬಂದು ಸೇರುತ್ತವೆ. ಹಾಡಿನ ಶ್ರುತಿಯನ್ನು ಕ್ಷಣಕ್ಷಣಕ್ಕೂ ಅಳೆದು ಯಾವ ಎತ್ತರದಲ್ಲಿ ಎಷ್ಟು ಹೊತ್ತು ಇತ್ತು ಎಂಬ ನಕ್ಷೆ ಬರೆದರೆ, ಷಡ್ಜ ಪಂಚಮಗಳಲ್ಲಿ ಚೂಪಾದ ಶಿಖರ ಕಾಣುತ್ತದೆ. ಕಂಪಿತ ಎಂಬ ತೂಗಾಡುವ ಗಮಕದ ಸ್ವರಗಳಲ್ಲಿ ಅಗಲವಾದ ದಿಬ್ಬ, ಕೆಲವೊಮ್ಮೆ ಅಕ್ಕಪಕ್ಕದ ಸ್ವರಸ್ಥಾನಗಳಿಗೆ ಹರಡಿಹೋದ ಗುರುತು. ಪಿಯಾನೊ ಮನೆಯ ಎತ್ತರದಲ್ಲಿ ಸ್ವರ ನಿಂತಿರುವುದೇ ಕಡಿಮೆ. ಅಷ್ಟಾದರೂ ಕೇಳುಗರಿಗೆ ಯಾವ ಸ್ವರ ಎಂಬ ಗೊಂದಲವಿಲ್ಲ. ಕಿವಿ ಗುರುತಿಸುತ್ತಿರುವುದು ಚಲನೆಯನ್ನು. ಒಂದೇ ಆರೋಹಣ ಅವರೋಹಣದ ಸ್ವರಸ್ಥಾನಗಳನ್ನು ಬಳಸುವ ರಾಗಗಳು ಪರಸ್ಪರ ಬೇರೆಯಾಗಿ ಕೇಳುವುದಕ್ಕೂ ಈ ಚಲನೆ ದೊಡ್ಡ ಕಾರಣ.

ಬರಹಕ್ಕೆ ಸಿಗದ ಗಮಕವನ್ನು ಬರಹಕ್ಕೆ ತರಬೇಕೆಂಬ ಹಟ ಕಂಪ್ಯೂಟರಿಗಿಂತ ಬಹಳ ಹಳೆಯದು. 1893ರಲ್ಲಿ ಎ.ಎಂ. ಚಿನ್ನಸ್ವಾಮಿ ಮೊದಲಿಯಾರ್ ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚು ಮಾಡಲು ಹೊರಟರು. ಅವರ ಒತ್ತಾಸೆಯೂ ಸೇರಿ, 1904ರಲ್ಲಿ ಎಟ್ಟಯಪುರದಿಂದ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ ಹೊರಬಂತು. ಆ ಗ್ರಂಥದಲ್ಲಿ ಕಂಪಿತಕ್ಕೆ, ಸ್ಫುರಿತಕ್ಕೆ, ನೊಕ್ಕಿಗೆ ಒಂದೊಂದು ಚಿಹ್ನೆ ಇದೆ. ಏರುಜಾರಿಗೆ ಒಂದು ಓರೆಗೆರೆ, ಇಳಿಜಾರಿಗೆ ಅದರ ಎದುರು ಓರೆಗೆರೆ. ಹಲವು ಚಿಹ್ನೆಗಳು ವೀಣೆಯ ಮೇಲೆ ಬೆರಳು ಏನು ಮಾಡಬೇಕೆಂಬುದನ್ನೇ ಹೇಳುತ್ತವೆ. ನನಗೆ ಬಹಳ ಮುಖ್ಯವಾಗಿ ಕಾಣುವುದು ಆ ಚಿಹ್ನೆಗಳು ಕೂತ ಜಾಗ. ದೀಕ್ಷಿತರು ಅವನ್ನು ಪುಸ್ತಕದ ಕೊನೆಯ ಟಿಪ್ಪಣಿಗೆ ತಳ್ಳಲಿಲ್ಲ, ಸ್ವರಾಕ್ಷರದ ತಲೆಯ ಮೇಲೆ, ಮಗ್ಗುಲಲ್ಲಿ, ಸ್ವರದ ಜೊತೆಗೇ ಕೂರಿಸಿದರು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅಷ್ಟು ತೊಂದರೆ ತೆಗೆದುಕೊಂಡ ಪರಂಪರೆಯ ವಾರಸುದಾರರು ನಾವು. ಸಾಫ್ಟ್‌ವೇರ್‌ನ ಕಾಲದಲ್ಲಿ, ಅದೂ ಬೆಂಗಳೂರಿನಂಥ ಊರನ್ನು ಇಟ್ಟುಕೊಂಡು, ಯಾರೋ ಮಾಡಿಟ್ಟ ಪಿಯಾನೊ ರೋಲ್ ಒಳಗೆ ರಾಗಗಳನ್ನು ತುರುಕುತ್ತಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಹೊರಗಿನಿಂದ ಬಂದ ವಾದ್ಯ ಎಂಬ ಕಾರಣಕ್ಕೆ ನಮ್ಮ ಸಂಗೀತ ಯಾವುದನ್ನೂ ದೂರ ಇಟ್ಟಿದ್ದಲ್ಲ. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಪಿಟೀಲು ಒಳಗೆ ಬಂತು. ಮೆಟ್ಟಿಲಿಲ್ಲದ ಅದರ ಕತ್ತಿನ ಮೇಲೆ ಬೆರಳು ಎಲ್ಲಿಗೆ ಬೇಕಾದರೂ ಜಾರಬಲ್ಲದಾದ್ದರಿಂದ ಎರಡು ತಲೆಮಾರಿನಲ್ಲಿ ಅದು ನಮ್ಮದೇ ಆಯಿತು, ತಿರುಮಕೂಡಲಿನ ಟಿ. ಚೌಡಯ್ಯನವರ ಕೈಯಲ್ಲಿ ಏಳು ತಂತಿಯದ್ದೂ ಆಯಿತು. ಸ್ಯಾಕ್ಸೊಫೋನ್‌ನ ಕತೆ ಇನ್ನೂ ಕಷ್ಟದ್ದು. ಅದು ಕೀಲಿಗಳ ವಾದ್ಯ, ಒಂದೊಂದು ಕೀಲಿಗೆ ಒಂದೊಂದು ಸ್ವರ. ಬಂಟ್ವಾಳದ ಕಡೆಯ ನಾಗಸ್ವರದ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ತುಟಿ, ಉಸಿರು, ಅರ್ಧ ತೆರೆದ ಕೀಲಿಗಳಿಂದ ಅದರೊಳಗೆ ಗಮಕ ಹೊರಡಿಸುವುದಕ್ಕೆ ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸುವ ಹೊತ್ತಿಗೆ ಆ ವಾದ್ಯ ರಾಗ ಹಾಡುವುದನ್ನು ಜಗತ್ತು ಒಪ್ಪಿಯಾಗಿತ್ತು. ಪಿಟೀಲು ಸುಲಭಕ್ಕೆ ಬಂದದ್ದು ಅದರ ರಚನೆ ಗಮಕಕ್ಕೆ ಅನುಕೂಲವಾಗಿದ್ದರಿಂದ. ಸ್ಯಾಕ್ಸೊಫೋನ್ ಬಂದದ್ದು ಒಬ್ಬ ಅಸಾಧಾರಣ ಕಲಾವಿದ ರಚನೆಯನ್ನೇ ಗೆದ್ದಿದ್ದರಿಂದ. ವಾದ್ಯದ ರಚನೆ ಎದುರು ನಿಂತಾಗ ಲಕ್ಷದಲ್ಲೊಬ್ಬರು ಗೆಲ್ಲುತ್ತಾರೆ, ಉಳಿದವರು ಆ ರಚನೆಗೆ ತಕ್ಕಂತೆ ತಮ್ಮ ಸಂಗೀತವನ್ನೇ ಮೊಟಕು ಮಾಡಿಕೊಳ್ಳುತ್ತಾರೆ.

ಹಾರ್ಮೋನಿಯಂ ಇಲ್ಲವೇ ಎಂದು ಕೇಳುವವರಿದ್ದಾರೆ. ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿತು. ರವೀಂದ್ರನಾಥ ಠಾಕೂರರಂಥವರೂ ಆ ಕ್ರಮದ ಪರವಾಗಿದ್ದರು, ಸ್ವರಗಳ ನಡುವೆ ಜಾರಲಾರದ ವಾದ್ಯ ಎಂಬುದು ಅದರ ಮೇಲಿನ ದೊಡ್ಡ ದೂರು. 1971ರವರೆಗೆ ನಿಷೇಧ ಎಳೆದುಕೊಂಡು ಹೋಯಿತು. ಅಷ್ಟೂ ಕಾಲ ಧಾರವಾಡ, ಹುಬ್ಬಳ್ಳಿಯ ಮನೆ ಮನೆಯಲ್ಲಿ ಹಾರ್ಮೋನಿಯಂ ಮೊಳಗುತ್ತಲೇ ಇತ್ತು. ಇವತ್ತು ಹಿಂದೂಸ್ತಾನಿ ಗಾಯನಕ್ಕೆ ಅದೇ ಮುಖ್ಯ ಪಕ್ಕವಾದ್ಯ. ಹಾಗಿದ್ದ ಮೇಲೆ ಜಾರದ ಸ್ವರದಿಂದ ಸಂಗೀತಕ್ಕೆ ಏನು ಕೆಡುಕಾಯಿತು ಎಂಬುದು ನ್ಯಾಯವಾದ ಪ್ರಶ್ನೆ. ನಿಷೇಧ ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಸಾಫ್ಟ್‌ವೇರ್ ಬೇಡ ಎನ್ನುವುದೂ ಅಷ್ಟೇ ತಪ್ಪು. ಆದರೆ ಕಚೇರಿಯಲ್ಲಿ ಹಾರ್ಮೋನಿಯಂ ಯಾವ ಕೆಲಸ ಮಾಡುತ್ತದೆ ನೋಡಿ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ತೆಗೆಯುವುದು ಗಾಯಕರ ಕಂಠ. ಹಾರ್ಮೋನಿಯಂ ಹಿಂದೆ ನಿಂತು ಆ ಮೀಂಡಿನ ನಡುವಿನ ನಿಲ್ದಾಣಗಳನ್ನು ಮುಟ್ಟುತ್ತ ಬರುತ್ತದೆ. ಕಿರಾಣಾ ಘರಾನೆಯ ವಿಳಂಬಿತ ಆಲಾಪ ಕೇಳುವಾಗ ಕೇಳುಗರ ಕಿವಿ ಕಂಠದ ಮೇಲಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ತಯಾರಾಗುವ ಹಾಡಿನಲ್ಲಿ ಆ ಕಂಠವೇ ಇಲ್ಲದಿರಬಹುದು. ಜಾಹೀರಾತಿನ ಹಿನ್ನೆಲೆ, ಧಾರಾವಾಹಿಯ ಹಿನ್ನೆಲೆ, ಮಕ್ಕಳ ಆ್ಯಪ್‌ನ ಹಾಡು, ಇಲ್ಲೆಲ್ಲ ಜಾರಲಾರದ ಸ್ವರವೇ ಮುಂದಾಳು. ಹಿಂಬಾಲಿಸುತ್ತಿದ್ದದ್ದು ಮುಂದೆ ಬಂದು ಕೂತಾಗ ಮಗುವಿನ ಕಿವಿಯಲ್ಲಿ ರಾಗದ ಚಿತ್ರ ಬೇರೆಯಾಗಿಯೇ ಮೂಡುತ್ತದೆ.

ಉಪಕರಣ ಏನನ್ನು ಸುಲಭ ಮಾಡುತ್ತದೆಯೋ ಸಂಗೀತ ಆ ಕಡೆ ಹರಿಯುತ್ತದೆ ಎಂಬುದಕ್ಕೆ ಡ್ರಿಲ್ ಒಳ್ಳೆಯ ಸಾಕ್ಷಿ. ಬೆಲ್ಜಿಯಂನ ಇಮೇಜ್‌ಲೈನ್ ಕಂಪನಿಯ ಎಫ್ಎಲ್ ಸ್ಟುಡಿಯೊ ಸಾಫ್ಟ್‌ವೇರ್‌ನ ಪಿಯಾನೊ ರೋಲ್‌ನಲ್ಲಿ ಸ್ಲೈಡ್ ನೋಟ್ ಎಂಬ ಸೌಲಭ್ಯವಿದೆ. ಸಾಮಾನ್ಯ ಪಟ್ಟಿಯ ಮೇಲೆ ಇನ್ನೊಂದು ವಿಶೇಷ ಪಟ್ಟಿ ಇಟ್ಟರೆ, ಕೇಳುತ್ತಿರುವ ಸ್ವರ ಅಲ್ಲಿಗೆ ಜಾರಿಹೋಗುತ್ತದೆ. ಪಟ್ಟಿ ಉದ್ದ ಮಾಡಿದರೆ ಜಾರು ನಿಧಾನ, ಗಿಡ್ಡ ಮಾಡಿದರೆ ಚುರುಕು. ಚಕ್ರವಿಲ್ಲ, ಬೇರೆ ಕಿಟಕಿಯಿಲ್ಲ. ಸ್ವರ ಬರೆದಷ್ಟೇ ಸುಲಭಕ್ಕೆ ಜಾರು. ಈ ಸೌಲಭ್ಯ ಆ ಸಾಫ್ಟ್‌ವೇರ್‌ನ ಸ್ವಂತ ವಾದ್ಯಗಳಲ್ಲಿ ಮಾತ್ರ ನಡೆಯುತ್ತದೆ ಎಂಬ ಮಿತಿ ಇದೆ. ಆದರೂ ಅಷ್ಟರಿಂದಲೇ ಏನಾಯಿತೆಂದರೆ ಟ್ರ್ಯಾಪ್ ಮತ್ತು ಡ್ರಿಲ್ ಬೇಸ್‌ನ ಆ ದೊಡ್ಡ ಜಾರು ಲಂಡನ್ನಿನಿಂದ ನ್ಯೂಯಾರ್ಕಿಗೆ, ಅಲ್ಲಿಂದ ನೈರೋಬಿಗೆ ಒಂದು ಪೀಳಿಗೆಯ ಗುರುತಾಗಿ ಹಬ್ಬಿತು. ದಕ್ಷಿಣ ಆಫ್ರಿಕಾದ ಅಮಪಿಯಾನೊ ಸಂಗೀತ ಶೈಲಿಯಲ್ಲಿ ಲಾಗ್ ಡ್ರಮ್ ಎಂದು ಕರೆಯುವ ಬೇಸ್ ಕೂಡ ಇದೇ ಸಾಫ್ಟ್‌ವೇರ್‌ನ ಮಡಿಲಲ್ಲಿ ಬೆಳೆದದ್ದು. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಹುಡುಗರು, ಯಾರೂ ಹೇಳಿಕೊಡದೆ, ಜಾರಿನ ಉದ್ದ ಗಿಡ್ಡಗಳಲ್ಲೇ ತಮ್ಮ ಶೈಲಿ ಕಂಡುಕೊಂಡರು. ಇದಕ್ಕೆ ಎದುರಾದ ಸಾಕ್ಷಿಯೂ ಇದೆ. 1997ರಲ್ಲಿ ಬಂದ ಆಟೊಟ್ಯೂನ್, ಹಾಡುವವರ ಶ್ರುತಿಯನ್ನು ಹತ್ತಿರದ ಅರ್ಧಸ್ವರಕ್ಕೆ ಎಳೆದು ಕೂರಿಸುವ ಉಪಕರಣ. ಬಿಗಿಯಾಗಿ ಹಾಕಿದರೆ ಕಂಠದ ಜಾರುಗಳು ಮೆಟ್ಟಿಲುಗಳಾಗುತ್ತವೆ. ಚೆರ್ ಹಾಡಿದ 1998ರ ಬಿಲೀವ್ ಹಾಡು ಅದನ್ನು ಬೇಕೆಂದೇ ಬಳಸಿ ಜಗತ್ತಿನಾದ್ಯಂತ ಹೆಸರಾಯಿತು. ಒಂದು ಉಪಕರಣ ಜಾರನ್ನು ಸುಲಭ ಮಾಡಿತು, ಜಾರು ಬೆಳೆಯಿತು. ಇನ್ನೊಂದು ಮೆಟ್ಟಿಲನ್ನು ಸುಲಭ ಮಾಡಿತು, ಮೆಟ್ಟಿಲು ಬೆಳೆಯಿತು.

ಪಿಚ್ ಬೆಂಡ್ ಚಕ್ರ ಇದ್ದೇ ಇದೆಯಲ್ಲ, ಬಳಸಲು ಬಾರದವರು ಉಪಕರಣವನ್ನು ದೂರಬಾರದು ಎಂಬ ಮಾತು ಸ್ಟುಡಿಯೊ ವಲಯದಲ್ಲಿ ಸಾಮಾನ್ಯ. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಪೂರಾ ಕರ್ನಾಟಕ ಸಂಗೀತ ಕಚೇರಿ ಮಾಡುತ್ತಾರೆ. ಬಲಗೈ ಮನೆಗಳ ಮೇಲೆ, ಎಡಗೈ ಬೆಂಡ್ ಮೇಲೆ. ಅವರ ಸಾಧನೆಗೆ ತಲೆಬಾಗಲೇಬೇಕು. ಆದರೆ ಅದು ಕದ್ರಿಯವರ ಸಾಧನೆಯ ಜಾತಿಯದು, ರಚನೆಯ ವಿರುದ್ಧ ಈಜಿ ದಡ ಸೇರಿದ್ದು. ಸಾಫ್ಟ್‌ವೇರ್ ಬಳಸುವವರಲ್ಲಿ ಬಹಳ ಮಂದಿಗೆ ಕೀಬೋರ್ಡ್ ನುಡಿಸುವ ಅಭ್ಯಾಸವೇ ಇರುವುದಿಲ್ಲ, ಮೌಸ್ ಹಿಡಿದು ಒಂದೊಂದೇ ಪಟ್ಟಿ ಇಡುತ್ತಾರೆ. ಅವರಿಗೆ ಚಕ್ರ ಇದ್ದೂ ಇಲ್ಲದಂತೆ. ಇದು ತಾಂತ್ರಿಕವಾಗಿ ದುಸ್ತರ ಎಂಬ ಇನ್ನೊಂದು ಆಕ್ಷೇಪಕ್ಕಂತೂ ಈಗ ನೆಲೆಯೇ ಉಳಿದಿಲ್ಲ. ಎಲ್ಎಂಎಂಎಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸ್ವರದೊಳಗೂ ಅದರದೇ ಶ್ರುತಿರೇಖೆ ಬರೆಯಬಹುದು. ಯಮಾಹಾದ ವೊಕಲಾಯ್ಡ್‌ನಂಥ ಹಾಡುವ ಸಾಫ್ಟ್‌ವೇರ್‌ಗಳಲ್ಲಿ ಶ್ರುತಿರೇಖೆ ತಿದ್ದುವ ವ್ಯವಸ್ಥೆ ಇದೆ, ಏಕೆಂದರೆ ಜಾರಿಲ್ಲದ ಕಂಠ ಮನುಷ್ಯರ ಕಂಠವಾಗಿ ಕೇಳುವುದಿಲ್ಲ. ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಬಾಗಿಸುವ ಎಂಪಿಇ ವಿಧಾನಕ್ಕೆ 2018ರಲ್ಲಿ ಉದ್ಯಮದ ಒಪ್ಪಿಗೆ ಬಿತ್ತು. 2020ರ ಮಿಡಿ 2.0 ಅದನ್ನು ಮೂಲ ಒಪ್ಪಂದದೊಳಕ್ಕೇ ತಂದಿತು. ಏಬಲ್‌ಟನ್ ಲೈವ್ 2021ರ ತನ್ನ 11ನೇ ಆವೃತ್ತಿಯಲ್ಲಿ ಸ್ವರದೊಳಗೆ ರೇಖೆ ಬರೆಯುವ ಅನುಕೂಲ ಕೊಟ್ಟಿತು. ತಂತ್ರ ಸಿದ್ಧವಿದೆ. ಅದು ಇನ್ನೂ ಮೆನುವಿನ ಮೂಲೆಯಲ್ಲಿದೆ, ಮಾರುಕಟ್ಟೆಯ ಬಹಳಷ್ಟು ವಾದ್ಯಗಳು ಅದಕ್ಕೆ ಓಗೊಡುವುದಿಲ್ಲ, ಮತ್ತು ಗಮಕದ ಆಕಾರಗಳು ಯಾವುವು ಎಂದು ಸಾಫ್ಟ್‌ವೇರ್ ಬರೆಯುವವರಿಗೆ ಹೇಳಿಕೊಡುವವರು ಇಲ್ಲ.

ಕಂಪ್ಯೂಟರಿನ ಸಹವಾಸ ಬಿಟ್ಟು ಗುರುವಿನ ಮುಂದೆ ಕೂತು ವೀಣೆ ಕಲಿಯಲಿ ಎಂಬ ಹಿರಿಯರ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಗಮಕ ಬರುವುದು ಕೇಳ್ಮೆಯಿಂದ, ಹಾಡಿ ಹಾಡಿ ತಿದ್ದಿಸಿಕೊಳ್ಳುವುದರಿಂದ. ಅದಕ್ಕೆ ಬದಲಿ ಇಲ್ಲ. ವೀಣೆಯ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದಾಗ ಒಂದೇ ಮೀಟಿನಲ್ಲಿ ಎರಡು ಮೂರು ಸ್ವರ ಹುಟ್ಟುವ ಸುಖ ಪ್ಲಗಿನ್‌ನಲ್ಲಿ ಸಿಗುವುದಿಲ್ಲ. ಆದರೆ ಕರೆನ್‌ನಲ್ಲೋ ಮಸ್ಕತ್‌ನಲ್ಲೋ ಬೆಳೆಯುತ್ತಿರುವ ಕನ್ನಡದ ಮಗುವಿನ ಸ್ಥಿತಿಯನ್ನೂ ನೋಡಬೇಕು. ವೀಣೆಯ 24 ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಮೇಣ ಸಡಿಲವಾದರೆ ಮತ್ತೆ ಕೂರಿಸಿ ಶ್ರುತಿ ನೋಡಿಕೊಡುವ ಕಸುಬುದಾರರು ಮೈಸೂರು, ತಂಜಾವೂರಿನ ಆಚೆ ವಿರಳ. ಪಾಠವೇ ಇಂಟರ್ನೆಟ್ ಮೂಲಕ ನಡೆಯುತ್ತದೆ, ಸಂಗೀತದ ಆಸೆ ಮೊಳೆಯುವ ಹೊತ್ತಿಗೆ ಕೈಯಲ್ಲಿರುವುದು ಲ್ಯಾಪ್‌ಟಾಪ್. ಗುರುಮುಖೇನ ಕಲಿತದ್ದನ್ನು ಆ ಮಗು ಅದೇ ಲ್ಯಾಪ್‌ಟಾಪ್‌ನಲ್ಲಿ ಬರೆದು ನೋಡುವಾಗ, ಕಲಿತದ್ದಕ್ಕೆ ಜಾಗವೇ ಇಲ್ಲದ ಉಪಕರಣ ಸಿಕ್ಕರೆ ಕಲಿಕೆ ಒಂದು ಕಡೆ, ಸೃಷ್ಟಿ ಒಂದು ಕಡೆ ಆಗುತ್ತದೆ. ಇದು ಶಾಸ್ತ್ರೀಯ ಸಂಗೀತದ ಪ್ರಶ್ನೆ ಮಾತ್ರವೂ ಅಲ್ಲ. ಎಲ್ಲಮ್ಮನ ಭಕ್ತರ ಚೌಡಿಕೆಗೆ ಇರುವುದು ಒಂದೇ ತಂತಿ, ಅದನ್ನು ಬಿಗಿಮಾಡುತ್ತ ಸಡಿಲಿಸುತ್ತ ಮೀಟುವುದರಲ್ಲೇ ಅದರ ದನಿಯ ಚೆಲುವಿದೆ. ಚೌಡಿಕೆ ಪದವನ್ನು ಪಿಯಾನೊ ರೋಲ್‌ಗೆ ಇಳಿಸಿದರೆ ಮೊದಲು ಕಳೆದುಹೋಗುವುದು ಚೌಡಿಕೆಯೇ. ಕೀನ್ಯಾದ ಕೆಟೆಬುಲ್ ಮ್ಯೂಸಿಕ್ ಸಂಸ್ಥೆ ಸಿಂಗಿಂಗ್ ವೆಲ್ಸ್ ಯೋಜನೆಯಲ್ಲಿ ಪೂರ್ವ ಆಫ್ರಿಕಾದ ಹಳ್ಳಿಗಳಿಗೆ ಹೋಗಿ ಹಳೆಯ ಹಾಡು, ವಾದ್ಯಗಳನ್ನು ಧ್ವನಿಮುದ್ರಿಸುತ್ತ ಬಂದಿದೆ. ಧ್ವನಿಮುದ್ರಣ ಉಳಿಸುತ್ತದೆ ನಿಜ, ಆದರೆ ಒರುಟುವಿನ ಜಾರನ್ನು ಹೊಸ ಹುಡುಗ ತನ್ನ ಹೊಸ ಹಾಡಿನಲ್ಲಿ ಬರೆಯಬೇಕಾದರೆ ಉಪಕರಣವೂ ಅದನ್ನು ಬಲ್ಲದ್ದಾಗಿರಬೇಕು.

ಎಲ್ಲವನ್ನೂ ಇನ್ನು ಕೃತಕ ಬುದ್ಧಿಮತ್ತೆಯೇ ಮಾಡಿಕೊಡುತ್ತದೆ, ಹಾಡು ಕೇಳಿಸಿದರೆ ಗಮಕವೂ ತಾನಾಗಿ ಬರುತ್ತದೆ ಎಂಬ ಭರವಸೆ ಈಗ ಕೇಳಿಬರುತ್ತಿದೆ. ಬರಬಹುದು. ಆದರೆ ಹಾಗೆ ಬಂದ ಗಮಕ ಒಟ್ಟು ನಾದದೊಳಗೆ ಬೆರೆತು ಬರುತ್ತದೆ. ಆ ಗಾಂಧಾರವನ್ನು ಇನ್ನೊಂದು ಚೂರು ಕೆಳಗಿನಿಂದ ಎತ್ತು, ಅಲ್ಲಿ ಕಂಪನ ಒಂದು ಕಡಿಮೆ ಮಾಡು ಎಂದು ತಿದ್ದುವ ಹಿಡಿ ಬಳಸುವವರ ಕೈಯಲ್ಲಿ ಇರುವುದಿಲ್ಲ. ಮೈಸೂರು ಬಾನಿಯ ವೀಣೆಯಲ್ಲಿ ಮೀಟಿಗೆ ಹೆಚ್ಚು ಪ್ರಾಧಾನ್ಯ, ತಂಜಾವೂರಿನದರಲ್ಲಿ ತಂತಿ ಎಳೆಯುವುದಕ್ಕೆ ಹೆಚ್ಚು ಎಂದು ಬಲ್ಲವರು ಹೇಳುತ್ತಾರೆ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ಬೆಳೆದು ಬಂದದ್ದು ಇಂಥ ಸೂಕ್ಷ್ಮ ಆಯ್ಕೆಗಳ ಪರಂಪರೆ. ಜಾರು ಎಷ್ಟು ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವುದು ಕಲಾವಿದರ ಹಕ್ಕು. ಪ್ರತಿ ಸ್ವರದ ಚಲನೆ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇದ್ದಾಗ ಮಾತ್ರ ಆ ಹಕ್ಕು ಚಲಾಯಿಸಬಹುದು.

ಬೆಂಗಳೂರು ಇಂಥ ಕೆಲಸವನ್ನು ಹಿಂದೆ ಮಾಡಿ ತೋರಿಸಿದೆ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರ ತಂದರು. ಅವರ ರಾಡೆಲ್ ಸಂಸ್ಥೆ ಡಿಜಿಟಲ್ ವೀಣೆಯನ್ನೂ ಮಾಡಿತು. ಸಂಗೀತಗಾರರಿಗೆ ಏನು ಬೇಕೆಂಬುದನ್ನು ಸಂಗೀತ ಬಲ್ಲ ಎಂಜಿನಿಯರ್ ಕೂತು ಯೋಚಿಸಿದ್ದರಿಂದ ಆ ತಂಬೂರ ಪೆಟ್ಟಿಗೆ ಊರೂರಿನ ಪಾಠದ ಕೋಣೆ ಸೇರಿತು. ಗಮಕವನ್ನು ಲೆಕ್ಕಕ್ಕೆ ಇಳಿಸುವ ಕೆಲಸವೂ ಶೂನ್ಯದಿಂದ ಶುರುವಾಗಬೇಕಿಲ್ಲ. ಎಂ. ಸುಬ್ರಮಣಿಯನ್ ಅವರ ಗಾಯಕ ಎಂಬ ಸಾಫ್ಟ್‌ವೇರ್ ಸ್ವರಲಿಪಿ ಓದಿ ಗಮಕ ಸಮೇತ ನುಡಿಸಬಲ್ಲದು. ಶ್ರೀಕುಮಾರ್ ಸುಬ್ರಮಣಿಯನ್ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡಿದ್ದಾರೆ. ಈ ಬಿಡಿ ಬಿಡಿ ಶ್ರಮವನ್ನು ಒಂದು ಕಡೆ ತರುವ ಜವಾಬ್ದಾರಿ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯಕ್ಕೂ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಗೂ ಸೇರಿದ್ದು ಎಂದು ನಾನು ಭಾವಿಸುತ್ತೇನೆ. ಆಗಬೇಕಾದದ್ದು ಒಂದು ತೆರೆದ ಗಮಕ ಭಂಡಾರ. ಒಂದೊಂದು ರಾಗದ ಒಂದೊಂದು ಸ್ವರವನ್ನೂ ವಿದ್ವಾಂಸರು ಮೂರು ಕಾಲಗಳಲ್ಲಿ ಹಾಡಿ ನುಡಿಸಿ, ಅದರ ಶ್ರುತಿರೇಖೆಯನ್ನು ಅಳೆದು, ಯಾವ ಬಾನಿಯದು ಎಂಬ ಗುರುತಿನೊಂದಿಗೆ, ಯಾವ ಸಾಫ್ಟ್‌ವೇರ್‌ಗೆ ಬೇಕಾದರೂ ಹೊಂದುವ ರೂಪದಲ್ಲಿ ಪುಕ್ಕಟೆಯಾಗಿ ಇಡಬೇಕು. ಚೌಡಿಕೆ, ಕಿಂದರಿ, ಏಕತಾರಿ ಹಿಡಿದು ಹಾಡುವವರೂ ಆ ಭಂಡಾರದ ಮೊದಲ ಸಾಲಿನಲ್ಲೇ ಇರಬೇಕು. ಹಾಡಿ ನುಡಿಸಿದವರಿಗೆ ಸರಿಯಾದ ಸಂಭಾವನೆ ಸಂದು, ಪ್ರತಿ ರೇಖೆಯ ಜೊತೆ ಅವರ ಹೆಸರು ದಾಖಲಾಗಬೇಕು. ಯಾವುದೋ ಕಂಪನಿ ಮುಂದೆ ಇವನ್ನೇ ಬಳಸಿ ಪ್ಲಗಿನ್ ಮಾಡಿ ಮಾರಿದರೆ ಅದರಲ್ಲಿ ಅವರ ಪಾಲೆಷ್ಟು ಎಂಬುದು ಶುರುವಿನಲ್ಲೇ ಕಾಗದದ ಮೇಲೆ ತೀರ್ಮಾನವಾಗಬೇಕು. ತೋಡಿ, ಕಲ್ಯಾಣಿ, ಮೋಹನ, ಮಾಯಾಮಾಳವಗೌಳ, ಭೈರವಿ ಈ ಐದು ರಾಗಗಳಿಂದ ಶುರು ಮಾಡಿದರೂ ಸಾಕು, ಅಷ್ಟಕ್ಕೆ ಬೇಕಾದ ಕಲಾವಿದರೂ ಎಂಜಿನಿಯರ್‌ಗಳೂ ಮೈಸೂರು ಬೆಂಗಳೂರಿನ ನಡುವೆಯೇ ಇದ್ದಾರೆ.